ಖಾಲಿ ದೋಣಿಯ ವೇಗ

ಶಹಾಬಾದಿನವನೊಬ್ಬ ಮೋಟಾರು ದೋಣಿಯ ವೇಗದ ಬಗ್ಗೆ ಬರೆಯಲು ಕೂತರೆ ಸೇಡಂ, ಚಿತ್ತಾಪುರದ ನೆಂಟರೇ ಮೊದಲು ನಗುತ್ತಾರೆ. ನಮ್ಮ ಕಡೆ ನೀರಿಗೆ ಕೊಡದ ಲೆಕ್ಕವೇ ಹೊರತು ದೋಣಿಯ ಲೆಕ್ಕವಿಲ್ಲ. ಬೇಸಿಗೆಯಲ್ಲಿ ಕಾಗಿಣಾ ನದಿಯನ್ನು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದವರು ನಾವು. ಶಾಲೆಯಿಂದ ಚಿಂಚೋಳಿಯ ಚಂದ್ರಂಪಳ್ಳಿ ಅಣೆಕಟ್ಟಿಗೆ ಕರೆದೊಯ್ದಾಗ ಅಷ್ಟೊಂದು ನಿಂತ ನೀರು ಕಂಡು ಬಾಯಿ ಬಿಟ್ಟಿದ್ದೆವು. ಆದರೆ ಕಾಗಿಣಾ ಭೀಮೆಯನ್ನು ಸೇರುತ್ತದೆ, ಭೀಮೆ ಕೃಷ್ಣೆಯನ್ನು. 2018ರ ನವೆಂಬರಿನಲ್ಲಿ ವಿಜಯವಾಡದ ಬಳಿ ಅದೇ ಕೃಷ್ಣೆಯಲ್ಲಿ ಫಾರ್ಮುಲಾ ಒನ್ ಮೋಟಾರು ದೋಣಿಗಳ ಓಟ ನಡೆಯಿತು. ಹಾಗಾಗಿ ನಮ್ಮ ನೀರಿಗೂ ವೇಗಕ್ಕೂ ಸಂಬಂಧವೇ ಇಲ್ಲವೆನ್ನಬೇಡಿ.

ನನ್ನ ಅಪ್ಪ ಫರ್ಸಿ ಕಲ್ಲಿನ ಪಾಲಿಷ್ ಕೆಲಸದವನು. ಶಹಾಬಾದ್ ಕಲ್ಲು ನಿಮ್ಮ ಮನೆಯ ನೆಲದಲ್ಲೂ ಇರಬಹುದು. ಪಾಲಿಷ್ ಆದ ಕಲ್ಲಿನ ಮೇಲೆ ಅಪ್ಪ ಒಂದು ನೇರ ಪಟ್ಟಿ ಇಟ್ಟು, ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತಂದು ನೋಡುತ್ತಿದ್ದ. ಪಟ್ಟಿಯ ಕೆಳಗೆ ಬೆಳಕು ನುಸುಳಿದರೆ ಅಲ್ಲಿ ತಗ್ಗು ಇದೆಯೆಂದು ಅರ್ಥ. ‘ಕೈ ಸುಳ್ಳು ಹೇಳ್ತದ, ಬೆಳಕು ಹೇಳಂಗಿಲ್ಲ’ ಎನ್ನುತ್ತಿದ್ದ. ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಮ್ಮೆ ಕೈಕೊಟ್ಟಿತು. ಅಪ್ಪ ಬೈಯಲಿಲ್ಲ. ಮತ್ತೆ ಕಟ್ಟಿಸಿದ, ಐಟಿಐ ಓದಿಸಿದ, ಆಮೇಲೆ ಒಂದು ದಿನ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿಸಿದ. ಹೀಗೆ ನಾನು ಮಂಗಳೂರಿನಲ್ಲಿ ಔಟ್‌ಬೋರ್ಡ್ ಎಂಜಿನ್ ರಿಪೇರಿಯ ಗ್ಯಾರೇಜು ಸೇರಿದೆ. ಔಟ್‌ಬೋರ್ಡ್ ಎಂದರೆ ದೋಣಿಯ ಹಿಂದೆ ನೇತುಹಾಕುವ ಎಂಜಿನ್. ಹೆಚ್ಚಾಗಿ ಮೀನುಗಾರರ ನಾಡದೋಣಿಗಳದೇ ಕೆಲಸ.

2011ರಲ್ಲಿ ಒಬ್ಬ ಸಾಹುಕಾರರು ತಮ್ಮ 18 ಅಡಿಯ ದೋಣಿ ತಂದರು. ವಿ ಆಕಾರದ ತಳ, 115 ಅಶ್ವಶಕ್ತಿಯ ಒಂದೇ ಎಂಜಿನ್. ‘ಓಡುತ್ತಿಲ್ಲ, ಇನ್ನೂ ದೊಡ್ಡ ಎಂಜಿನ್ ಹಾಕಿ’ ಎಂದರು. ನಮ್ಮ ಮೇಸ್ತ್ರಿ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ‘ಮೊದಲು ಇರುವುದು ಯಾಕೆ ಓಡುತ್ತಿಲ್ಲ ಅಂತ ನೋಡು. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬರೆದಿಡು’ ಎಂದರು.

ವಿ ತಳದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಚಪ್ಪಟೆ ತಳದ ದೋಣಿ ಶಾಂತ ನೀರಿನಲ್ಲಿ ಚೆನ್ನಾಗಿ ಓಡುತ್ತದೆ, ಅಲೆ ಬಂದರೆ ಸೊಂಟ ಮುರಿಯುವಂತೆ ಅಪ್ಪಳಿಸುತ್ತದೆ. ವಿ ತಳವಾದರೆ ಅಲೆಯನ್ನು ಸೀಳುತ್ತದೆ. ಅಮೆರಿಕದ ರೇ ಹಂಟ್ ಎಂಬ ವಿನ್ಯಾಸಕಾರ ಈ ವಿ ಯನ್ನು ದೋಣಿಯ ಹಿಂಬದಿಯವರೆಗೂ ಆಳವಾಗಿಯೇ ಉಳಿಸಿದ. 1960ರಲ್ಲಿ ಆ ವಿನ್ಯಾಸದ ‘ಮಾಪಿ’ ಎಂಬ ದೋಣಿ ರೊಚ್ಚಿಗೆದ್ದ ಕಡಲಿನಲ್ಲಿ ಮಯಾಮಿ–ನಸ್ಸೌ ಓಟವನ್ನು ಗೆದ್ದಾಗ ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. ಆದರೆ ವಿ ಆಳವಾದಷ್ಟೂ ಅದೇ ವೇಗಕ್ಕೆ ಹೆಚ್ಚು ಶಕ್ತಿ ಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಬಂದಾಗ ಇಂಥ ದೋಣಿ ನೀರಿನ ಮೇಲೆ ಎದ್ದು ಜಾರುತ್ತದೆ. ಆಗ ತಳದ ಎಷ್ಟು ಕಡಿಮೆ ಭಾಗ ನೀರಿಗೆ ತಾಗುತ್ತದೋ ಅಷ್ಟು ವೇಗ.

ಮೊದಲ ದಿನ ಗುರುಪುರ ನದಿಯಲ್ಲಿ ಓಡಿಸಿದಾಗ ಎಂಜಿನ್ 5200 ಆರ್‌ಪಿಎಂ ಮುಟ್ಟಿತು. ಜಿಪಿಎಸ್ ತೋರಿಸಿದ್ದು ತಾಸಿಗೆ 62 ಕಿ.ಮೀ. ಈಗ ಲೆಕ್ಕ ನೋಡಿ. ಪ್ರೊಪೆಲ್ಲರಿನ ಪಿಚ್ 19 ಇಂಚು. ಅಂದರೆ ಸ್ಕ್ರೂ ಮರದೊಳಗೆ ಇಳಿದಂತೆ, ಒಂದು ಸುತ್ತಿಗೆ 19 ಇಂಚು ಮುಂದೆ ಹೋಗಬೇಕು. ಗೇರಿನಲ್ಲಿ ಎಂಜಿನ್ನಿನ ಎರಡು ಸುತ್ತಿಗೆ ಪ್ರೊಪೆಲ್ಲರಿನದು ಒಂದು ಸುತ್ತು. 2600ನ್ನು 19ರಿಂದ ಗುಣಿಸಿ ಕಿಲೋಮೀಟರಿಗೆ ತಂದರೆ ತಾಸಿಗೆ 75 ಕಿ.ಮೀ. ಬರಬೇಕು. ಬಂದದ್ದು 62. ನೀರು ಮರವಲ್ಲ, ಪ್ರೊಪೆಲ್ಲರ್ ಅದರಲ್ಲಿ ಸ್ವಲ್ಪ ಜಾರಿಯೇ ಜಾರುತ್ತದೆ. ಆದರೆ ನೂರಕ್ಕೆ 17ಕ್ಕೂ ಮಿಕ್ಕಿ ಜಾರಿದರೆ ಎಲ್ಲೋ ಏನೋ ತಡೆಯುತ್ತಿದೆ. ಶಾಲೆಯಲ್ಲಿ ನನ್ನನ್ನು ಕೆಡವಿದ ಗಣಿತವೇ ಇಲ್ಲಿ ಕೈ ಹಿಡಿಯಿತು.

ತಳದಲ್ಲಿ ನಿಂತಿದ್ದ ನೀರು, ಬೇಡದ ಹಗ್ಗ, ಹೆಚ್ಚಿನ ಪೆಟ್ರೋಲ್ ಡಬ್ಬ ಎಲ್ಲವನ್ನೂ ಹೊರಗೆ ತೆಗೆದೆ. 64 ಆಯಿತು. ಆಮೇಲೆ ದೋಣಿಯನ್ನು ದಂಡೆಗೆ ತಂದು, ಅಪ್ಪ ಮಾಡುತ್ತಿದ್ದಂತೆ ತಳಕ್ಕೆ ನೇರ ಪಟ್ಟಿ ಹಿಡಿದು ನೋಡಿದೆ. ಹಿಂಬದಿಯ ಕೊನೆಯ ಮೂರಡಿಯಲ್ಲಿ ಬೆಳಕು ನುಸುಳುತ್ತಿತ್ತು! ಸರಿಯಾದ ಆಧಾರವಿಲ್ಲದೆ ವರ್ಷಗಟ್ಟಲೆ ಟ್ರೇಲರಿನ ಮೇಲೆ ನಿಂತು ಫೈಬರ್ ತಳ ಅಲ್ಲಿ ಒಳಕ್ಕೆ ಬಾಗಿತ್ತು. ಇಂಥ ತಗ್ಗು ದೋಣಿಯ ಹಿಂಭಾಗವನ್ನು ಎತ್ತಿ ಮೂತಿಯನ್ನು ನೀರಿಗೆ ಒತ್ತುತ್ತದೆ. ಆಗ ತಳವೆಲ್ಲ ಒದ್ದೆ, ವೇಗವೆಲ್ಲ ಮಾಯ. ಎಪಾಕ್ಸಿ ತುಂಬಿ, ಪಟ್ಟಿ ಇಟ್ಟು ಇಟ್ಟು ನೋಡಿ, ನಾಲ್ಕು ದಿನ ಉಜ್ಜಿದೆ. ನೀರು ಥಟ್ಟನೆ ಬಿಟ್ಟುಕೊಳ್ಳಲೆಂದು ಹಿಂಬದಿಯ ಅಂಚನ್ನು ಚೂಪು ಮಾಡಿದೆ. ವೇಗ 67ಕ್ಕೇರಿತು.

ಮುಂದಿನದು ಎಂಜಿನ್ನಿನ ಎತ್ತರ. ಎಂಜಿನ್ನಿನ ಕೆಳಭಾಗ ನೀರಿನಲ್ಲಿ ಆಳವಾಗಿದ್ದಷ್ಟೂ ಎಳೆತ ಹೆಚ್ಚು. ಬೋಲ್ಟಿನ ಒಂದು ತೂತಿನಿಂದ ಇನ್ನೊಂದಕ್ಕೆ 19 ಮಿ.ಮೀ. ಅಂತರ. ಎರಡು ತೂತು ಮೇಲೇರಿಸಿದಾಗ 70 ಬಂತು. ಆಸೆಗೆ ಮೂರನೆಯದಕ್ಕೂ ಏರಿಸಿದೆ. ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಕಿರುಚಿತು, ಎಂಜಿನ್ ತಂಪಿಡುವ ನೀರಿನ ಒತ್ತಡ ಕುಸಿಯಿತು. ಸುಮ್ಮನೆ ಹಿಂದಕ್ಕೆ ಇಳಿಸಿದೆ. ವೇಗ ಬಂದ ಮೇಲೆ ಎಂಜಿನ್ನನ್ನು ಸ್ವಲ್ಪ ಹೊರಕ್ಕೆ ವಾಲಿಸಿ ಮೂತಿ ಎತ್ತುವುದು ಕಲಿತಾಗ 71, ಆರ್‌ಪಿಎಂ 5700. ಪಿಚ್ಚಿನಲ್ಲಿ ಒಂದು ಇಂಚು ಹೆಚ್ಚಿದರೆ ಸುಮಾರು 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಕೊನೆಗೆ 21 ಪಿಚ್ಚಿನ ಸ್ಟೀಲ್ ಪ್ರೊಪೆಲ್ಲರ್ ಹಾಕಿದೆ. ಎಂಜಿನ್ 5400ರಲ್ಲಿ ನಿಂತಿತು, ವೇಗ 75. ಎಂಜಿನ್ ಅದೇ, ವೇಗ 13 ಕಿ.ಮೀ. ಹೆಚ್ಚು.

ಆ ವೇಗದಲ್ಲಿ ದೋಣಿ ವಿ ಯ ತುದಿಯ ಮೇಲೆ, ತಂತಿಯ ಮೇಲೆ ನಡೆಯುವವನಂತೆ, ಎಡಕ್ಕೂ ಬಲಕ್ಕೂ ತೊನೆಯತೊಡಗಿತು. ಆಗ ಮಾಡಬೇಕಾದ್ದು ಒಂದೇ: ಥ್ರಾಟಲ್ ಮೆಲ್ಲಗೆ ಇಳಿಸುವುದು. ಚಾಲಕ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಮಾಡುವ ದಾರವನ್ನು ಮೈಗೆ ಕಟ್ಟಿಕೊಳ್ಳದೆ ನಾನು ಅಂದಿನಿಂದ ಥ್ರಾಟಲ್ ಮುಟ್ಟಿಲ್ಲ.

ಸಾಹುಕಾರರು ಬಹುಮಾನ ಕೊಟ್ಟರು. ರಾತ್ರಿ ಅಪ್ಪನಿಗೆ ಫೋನು ಮಾಡಿ ಪಟ್ಟಿಯ ಕತೆಯನ್ನೆಲ್ಲ ಹೇಳಿದೆ. ಅಪ್ಪ ಕೇಳಿ ಖುಷಿಪಟ್ಟ. ಆಮೇಲೆ, ‘ಅದ್ರಾಗ ಎಷ್ಟ್ ಮಂದಿ ಕೂಡ್ತಾರೋ?’ ಎಂದ.

‘ಓಡಿಸುವಾಗ ನಾನೊಬ್ಬನೇ ಇದ್ದೆ.’

‘ಖಾಲಿ ದೋಣಿ ಓಡ್ತದ, ಖರೆ. ಮಂದಿ ಕುಂತ್ ಮ್ಯಾಲ ಹ್ಯಾಂಗ್ ಓಡ್ತದ?’

ಕಲ್ಲು ಉಜ್ಜುವವನಿಗೆ ಇದೇನು ಗೊತ್ತು ಎಂದು ನಾನು ನಕ್ಕುಬಿಟ್ಟೆ.

ಎರಡು ವಾರ ಕಳೆದು ಒಂದು ಭಾನುವಾರ ಸಾಹುಕಾರರ ಮನೆಗೆ ನೆಂಟರು ಬಂದಿದ್ದರು. ಎಂಟು ಜನ, ಅವರಲ್ಲಿ ಇಬ್ಬರು ಮಕ್ಕಳು. ನನ್ನನ್ನೂ ಕರೆದುಕೊಂಡು ಕಡಲಿಗೆ ಹೋದರು. ತಿರುಗಿ ಬರುವಾಗ ಅಳಿವೆ ಬಾಗಿಲಿನಲ್ಲಿ ಇಳಿತ ಶುರುವಾಗಿತ್ತು. ಗುರುಪುರ, ನೇತ್ರಾವತಿ ಎರಡರ ನೀರೂ ಹೊರಕ್ಕೆ ನುಗ್ಗುತ್ತಿತ್ತು, ಹಿಂದಿನಿಂದ ಅಲೆ. ಸಾಹುಕಾರರು ಥ್ರಾಟಲನ್ನು ಪೂರ್ತಿ ಒತ್ತಿದರು. ಎಂಜಿನ್ 3500ರಲ್ಲೇ ಮುಕ್ಕರಿಯಿತು. ದೋಣಿ ಮೂತಿ ಎತ್ತಿತೇ ಹೊರತು ನೀರಿನ ಮೇಲೆ ಏಳಲೇ ಇಲ್ಲ. ಫರ್ಸಿ ತುಂಬಿದ ಟ್ರ್ಯಾಕ್ಟರನ್ನು ಮೇಲಿನ ಗೇರಿನಲ್ಲಿ ಎಬ್ಬಿಸಲು ಹೋದ ಹಾಗೆ. ಒಂದು ಅಲೆ ಹಿಂಬದಿಯಿಂದ ಒಳಗೆ ಬಂತು. ಇನ್ನೊಂದು ಬಂತು. ಮೊಣಕಾಲವರೆಗೆ ನೀರು. ಚಿಕ್ಕ ಹುಡುಗಿಯೊಬ್ಬಳು ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದಳು. ಬಲೆ ಹಾಕಿ ಬರುತ್ತಿದ್ದ ನಾಡದೋಣಿಯವರು ಹಗ್ಗ ಎಸೆದು ಎಳೆದುಕೊಂಡು ಬಂದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಹೆಚ್ಚು ಜನ ಹತ್ತಬಾರದೆಂದು ಹೇಳಬೇಕಾಗಿದ್ದವನು ನಾನು. ಭಾರಕ್ಕೆ ಒಪ್ಪುವ 17 ಪಿಚ್ಚಿನ ಪ್ರೊಪೆಲ್ಲರ್ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು. ತಪ್ಪು ನನ್ನದೇ.

ಆ ರಾತ್ರಿ ನೋಟ್‌ಬುಕ್ ತೆರೆದು ನೋಡಿದೆ. ವೇಗವಿತ್ತು, ಆರ್‌ಪಿಎಂ ಇತ್ತು, ಎತ್ತರ, ಪಿಚ್ ಎಲ್ಲ ಇತ್ತು. ದೋಣಿಯಲ್ಲಿ ಎಷ್ಟು ಜನ ಎಂಬ ಕಾಲಮ್ಮೇ ಇರಲಿಲ್ಲ. ಅಪ್ಪ ಕೇಳಿದ ಪ್ರಶ್ನೆ ಅದೇ. ಮರುದಿನ ಅದಕ್ಕೆ ಗೆರೆ ಎಳೆದೆ. ಆಮೇಲೆ ಎಂಟು ಜನರ ತೂಕದ ಮರಳುಚೀಲ ಹೇರಿ, 17ರ ಪ್ರೊಪೆಲ್ಲರ್ ಹಾಕಿ ಓಡಿಸಿದೆ. ದೋಣಿ ಮೇಲೆದ್ದಿತು. ಖಾಲಿ ದೋಣಿಯ 75ರ ಹತ್ತಿರವೂ ಸುಳಿಯಲಿಲ್ಲ, ಆದರೆ ಭಾರ ಹೊತ್ತು ಎದ್ದಿತು.

2020ರಲ್ಲಿ ಲಾಕ್‌ಡೌನಿಗೆ ಗ್ಯಾರೇಜು ಮುಚ್ಚಿ ನಾನು ಊರಿಗೆ ಬಂದಿದ್ದೆ. ಆ ಅಕ್ಟೋಬರಿನ ಮಳೆ ನಿಮಗೆ ನೆನಪಿರಬಹುದು. ಚಪ್ಪಲಿ ಹಿಡಿದು ದಾಟಿದ ಕಾಗಿಣಾ ದಂಡೋತಿಯ ಸೇತುವೆಯನ್ನೇ ಮುಳುಗಿಸಿತು, ಮಳಖೇಡದ ಮಠಕ್ಕೂ ನುಗ್ಗಿತು. ಭೀಮೆಯ ದಂಡೆಯ ಹಳ್ಳಿಗಳಿಂದ ಜನರನ್ನು ಮೋಟಾರು ಹಚ್ಚಿದ ರಬ್ಬರ್ ದೋಣಿಗಳಲ್ಲಿ ಕರೆತರುತ್ತಿದ್ದರು. ನಾನೂ ಅಪ್ಪನೂ ದಂಡೆಯಲ್ಲಿ ನಿಂತಿದ್ದೆವು. ಮುದುಕರು, ಗಂಟುಮೂಟೆ, ಒಂದು ಮೇಕೆಮರಿ ಎಲ್ಲವನ್ನೂ ಹೊತ್ತು ಒಂದು ದೋಣಿ ಸೆಳವಿಗೆ ಓರೆಯಾಗಿ ಮೆಲ್ಲಗೆ ಬರುತ್ತಿತ್ತು.

‘ಬಾಳ ಸಾವಕಾಶ ಬರ್ಲತ್ತದಲ್ಲೋ’ ಎಂದ ಅಪ್ಪ.

‘ತುಂಬಿದ ದೋಣಿ ಅಪ್ಪ. ಅದು ಓಡಬೇಕಾದ್ದೇ ಹೀಗೆ’ ಎಂದೆ.

ಈಗ ನಾನು ವಾಡಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದೇನೆ. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಗುರುತಿನ ತಂದೆತಾಯಿಗಳು ಬಂದು, ಹುಡುಗ ಹಿಂದೆ ಬಿದ್ದಿದ್ದಾನೆ, ಇನ್ನೂ ಎರಡು ಟ್ಯೂಷನ್ ಹಾಕಿಸಲೇ ಎನ್ನುತ್ತಾರೆ. ನಾನೇನು ಮೇಷ್ಟ್ರಲ್ಲ. ಅಂಗಡಿಯಲ್ಲಿರುವ ಆ ಹಳೆಯ ನೋಟ್‌ಬುಕ್ಕನ್ನು ಹುಡುಗನ ಕೈಗೆ ಕೊಟ್ಟು, ನಾನು ಕೈಯಿಂದ ಗೆರೆ ಎಳೆದ ಆ ಕೊನೆಯ ಕಾಲಮ್ ತೋರಿಸುತ್ತೇನೆ. ನೇರ ಪಟ್ಟಿ ಗೋಡೆಗೆ ನೇತಾಡುತ್ತಿದೆ. ಬೇಕಾದವರು ಅದನ್ನೂ ಒಯ್ಯಬಹುದು, ತಿರುಗಿ ತಂದಿಟ್ಟರೆ ಸಾಕು.