ಮಾಂಡವ್ಯನ ಮೌನ

ಮೌನವು ಸಮ್ಮತಿಯ ಲಕ್ಷಣವೆಂಬ ನುಡಿ ವಿವಾಹದ ಮಾತುಕತೆಯಲ್ಲಿ ಸಲ್ಲಬಹುದು, ನ್ಯಾಯಸ್ಥಾನದಲ್ಲಿ ಸಲ್ಲದು. ಆದಿಪರ್ವದ ಮಾಂಡವ್ಯನ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಈ ಮಾತು ಹೊಳೆಯುತ್ತಿದ್ದಿತು. ಮೌನವ್ರತದಲ್ಲಿದ್ದ ಆ ಮುನಿಯ ಆಶ್ರಮದಲ್ಲಿ ಕಳ್ಳರು ಕದ್ದ ಸೊತ್ತನ್ನಿಟ್ಟು ಅಡಗಿದರು. ರಾಜಭಟರು ಕೇಳಿದರೆ ಮುನಿಯು ಉತ್ತರವೀಯಲಿಲ್ಲ. ಸೊತ್ತು ಅಲ್ಲಿಯೇ ಸಿಕ್ಕಿತು. ಅರಸನು ಕಳ್ಳರೊಡನೆ ಅವನನ್ನೂ ಶೂಲಕ್ಕೇರಿಸಿದನು. ಮುಂದೆ ಅರಸನು ಕ್ಷಮೆ ಬೇಡಿದನಾದರೂ ಶೂಲದ ತುಂಡು ಮುನಿಯ ಮೈಯಲ್ಲಿಯೇ ಉಳಿಯಿತು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 20ನೆಯ ಅನುಚ್ಛೇದವು, ಆರೋಪಿಯು ತನಗೆ ವಿರುದ್ಧವಾಗಿ ತಾನೇ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಕೂಡದೆನ್ನುತ್ತದೆ. 22ನೆಯದರಂತೆ, ಸಾಮಾನ್ಯವಾಗಿ, ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕು. ತಾನೊಪ್ಪಿದ ವಕೀಲರನ್ನು ಕಾಣಗೊಡಬೇಕು. ಪ್ರಯಾಣಕಾಲವನ್ನುಳಿದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸ್ ಅಧಿಕಾರಿಗೆ ಹೇಳಿದ ತಪ್ಪೊಪ್ಪಿಗೆಯು ಆರೋಪಿಯ ವಿರುದ್ಧ ಸಾಕ್ಷ್ಯವಾಗದೆಂಬ 1872ರ ನಿಯಮವು 2024ರಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯಶಾಸನದಲ್ಲಿಯೂ ಉಳಿದಿದೆ. ಆ ಮಾತಿನಿಂದ ವಸ್ತುವೊಂದು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದಷ್ಟು ಭಾಗವನ್ನು ಮಾತ್ರ ಗ್ರಹಿಸಬಹುದು.

ಇದರಿಂದ ಕಳ್ಳನು ನುಸುಳಿಕೊಳ್ಳನೆ ಎಂದು ಗೃಹಸ್ಥರು ಕೇಳಬಹುದು. ನುಸುಳದಂತೆ ರುಜುವಾತನ್ನು ಒದಗಿಸುವ ಹೊಣೆ ಸಾಮಾನ್ಯವಾಗಿ ಆರೋಪ ಹೊರಿಸಿದವರದು. ಆರೋಪವೆಂಬ ಪದದ ಅರ್ಥವೇ ಮೇಲೆ ಹೊರಿಸಿದುದು ಎಂದು. ಅದು ಅವನದೇ ಹೌದೋ ಅಲ್ಲವೋ ಎಂಬುದನ್ನು ವಿಚಾರಣೆಯು ತಿಳಿಸಬೇಕು. ಬಂಧನದ ಸುದ್ದಿಯನ್ನೋದಿದೊಡನೆ ನಾವು ಜಗಲಿಯಲ್ಲಿ ಕುಳಿತು ತೀರ್ಪು ಕೊಟ್ಟರೆ ಮಕ್ಕಳು ಆ ಅರಸನ ಅವಸರವನ್ನೇ ಕಲಿಯುವರು. ತೀರ್ಪು ಬರುವವರೆಗೆ ನಮ್ಮ ಮನೆಗಳಲ್ಲಿ ಅವನನ್ನು ಆರೋಪಿಯೆಂದೇ ಕರೆಯೋಣ, ಅಪರಾಧಿಯೆನ್ನದಿರೋಣ.