ನೇಪಾಳಕ್ಕೆ ಎರಡನೇ ಸಲ: ಎಲ್ಲಿಗೆ ಅನ್ನೋದೇ ತಕರಾರು

ನೇಪಾಳಕ್ಕೆ ಮತ್ತೊಮ್ಮೆ ಹೋಗೋಣ ಅಂತ ಮನೆಯಲ್ಲಿ ಮಾತು ಎದ್ದದ್ದು ದಸರೆ ಹೊತ್ತಿಗೆ. ಭತ್ತ ಕೊಯ್ದು, ತೂಕ ಹಾಕಿ, ದುಡ್ಡು ಕೈಗೆ ಬಂದರೂ ಅಲ್ಲಿ ಯಾವ ಕಡೆಗೆ ಅನ್ನೋದು ಮಾತ್ರ ಬಗೆಹರಿಯಲಿಲ್ಲ. ನಮ್ಮ ಹೊಲ ಇರೋದು ಕಾಲುವೆಯ ಕೊನೆ ಭಾಗದಲ್ಲಿ. ಎರಡನೇ ಬೆಳೆಗೆ ನೀರು ಮುಟ್ಟೋದಿಲ್ಲ. ಹಾಗಾಗಿ ಸಂಕ್ರಾಂತಿ ದಾಟಿದ ಮೇಲೆ ನಮಗೆ ಪುರುಸೊತ್ತು ಇರುತ್ತದೆ, ದುಡ್ಡು ಇರೋದಿಲ್ಲ. ಈ ಸಲ ಎರಡೂ ಸ್ವಲ್ಪ ಸ್ವಲ್ಪ ಇದ್ದವು.

"ನೇಪಾಳಾನೂ ಫಾರಿನ್ನೇನು?" ಅಂತ ಕಟ್ಟೆ ಮೇಲೆ ಕೂತವರು ನಗುತ್ತಾರೆ. ಫಾರಿನ್ನೇ. ಪಾಸ್‌ಪೋರ್ಟ್, ವೀಸಾ ಬೇಡ, ವೋಟರ್ ಐಡಿ ಸಾಕು, ಅಷ್ಟೇ ಫರಕು. ಒಂದು ಸುದ್ದಿಗೆ ಇಷ್ಟು ಅಂತ ಎಣಿಸಿ ಕೊಡಿಸಿಕೊಳ್ಳುವ ನಮ್ಮಂಥ ಸ್ಟ್ರಿಂಗರ್ ಮನೆಗೆ ಎಟುಕುವ ಫಾರಿನ್ನು ಇದು.

ಮೊದಲ ಸಲ ಹೋದದ್ದು 2019ರ ಫೆಬ್ರವರಿಯಲ್ಲಿ, ಕಾಶಿ, ಗಯಾ ಸುತ್ತಿಸಿ ಕಾಠ್ಮಂಡು ತೋರಿಸುವ ಟೂರ್ ಬಸ್ಸಿನಲ್ಲಿ. ಅಪ್ಪ, ಅವ್ವ, ನಾವು ಗಂಡ ಹೆಂಡತಿ, ತೊಡೆ ಮೇಲೆ ಮೂರು ವರ್ಷದ ಮಗಳು. ಹದಿನಾಲ್ಕು ದಿನದಲ್ಲಿ ನೇಪಾಳಕ್ಕೆ ಸಿಕ್ಕಿದ್ದು ಎರಡೂವರೆ ದಿನ. ಪಶುಪತಿನಾಥದ ಮುಖ್ಯ ಅರ್ಚಕರು ನಮ್ಮ ಕರ್ನಾಟಕದ ಭಟ್ಟರು ಅಂತ ತಿಳಿದು, ಅವರ ಜೊತೆ ಒಂದು ಮಾತು ಕನ್ನಡ ಆಡಲೇಬೇಕು ಅಂತ ಅಪ್ಪ ಸಾಲಿನಲ್ಲಿ ನಿಂತಿದ್ದ. ಬಾಗಿಲಿಗೆ ಬರುವಷ್ಟರಲ್ಲಿ ನೂಕುನುಗ್ಗಲು ಅವನನ್ನು ಆಚೆಗೆ ದಾಟಿಸಿಬಿಟ್ಟಿತು. ಜೇಬಿನಲ್ಲಿದ್ದ ಐನೂರರ ನೋಟು ಯಾರೂ ಮುಟ್ಟಲಿಲ್ಲ. ನೂರಕ್ಕಿಂತ ದೊಡ್ಡ ಭಾರತದ ನೋಟು ನಡೆಯೋದಿಲ್ಲ ಅಂತ ಅಲ್ಲಿನ ಸರ್ಕಾರ ಎರಡು ತಿಂಗಳ ಹಿಂದಷ್ಟೇ ಆದೇಶ ಮಾಡಿತ್ತು. ಅವ್ವ ನೇಪಾಳ ನೋಡಿದ್ದು ಬಹುಪಾಲು ಬಸ್ಸಿನ ಕಿಟಕಿಯಿಂದ, ಕೈಯಲ್ಲಿ ವಾಂತಿಯ ಚೀಲ ಹಿಡಿದುಕೊಂಡು.

ವಾಪಸ್ ಬರುವಾಗ ಹಿಂದಿನ ಸೀಟಿನ ಹಿರಿಯರೊಬ್ಬರು ಮುಕ್ತಿನಾಥದ ವಿಷಯ ಹೇಳಿದರು. ಹಿಮಾಲಯದ ಆ ಮಗ್ಗುಲು, 108 ಧಾರೆಗಳು, ಮೈ ಕೊರೆಯುವ ನೀರು. ಅಪ್ಪನ ತಲೆಯಲ್ಲಿ ಅದು ಕೂತಿತು. "ಮುಂದಿನ ಸಲ ಅಲ್ಲಿಗೇ" ಅಂದ. ಒಂದು ಕ್ಯಾಲೆಂಡರ್ ಫೋಟೋ ಎಲ್ಲಿಂದಲೋ ತಂದು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದ.

2021ರ ಮೇ ತಿಂಗಳಲ್ಲಿ ಕೊರೊನಾದ ಎರಡನೇ ಅಲೆಗೆ ಹೋದ. ಆ ತಿಂಗಳು ನಾವು ದಿನಾ ಸಂಜೆ ಜಿಲ್ಲೆಯ ಸಾವಿನ ಸಂಖ್ಯೆ ಬರೆದು ಕಳಿಸುತ್ತಿದ್ದೆವು. ಒಂದು ದಿನದ ಸಂಖ್ಯೆಯೊಳಗೆ ಅವನೂ ಇದ್ದ.

ಹಾಗಾಗಿ ಈ ಸಲ ಮುಕ್ತಿನಾಥ ಅಂತ ನಾವು ಮನಸ್ಸಿನಲ್ಲಿ ಮುಗಿಸಿಬಿಟ್ಟಿದ್ದೆವು. ಕಾಠ್ಮಂಡು ಮತ್ತೆ ಯಾರಿಗೂ ಬೇಕಿರಲಿಲ್ಲ, 2025ರ ಸೆಪ್ಟೆಂಬರ್‌ನಲ್ಲಿ ಅದು ಹೊತ್ತಿ ಉರಿದದ್ದನ್ನು ಎಲ್ಲರೂ ಮೊಬೈಲ್‌ನಲ್ಲಿ ನೋಡಿದ್ದೆವು. ಮನೆಯವಳಿಗೆ ಪೋಖರಾ ಬೇಕು: ಫೇವಾ ಕೆರೆ, ದೋಣಿ, ಎದುರಿಗೆ 6,993 ಮೀಟರ್ ಎತ್ತರದ ಮಚ್ಛಾಪುಚ್ಛ್ರೆ ಶಿಖರ. ಐದನೇ ಕ್ಲಾಸಿನ ಮಗಳಿಗೆ ಚಿತ್ವನ್ ಕಾಡಿನ ಘೇಂಡಾಮೃಗ. ಅವ್ವನನ್ನು ಯಾರೂ ಕೇಳಿರಲಿಲ್ಲ. ಕೇಳಬೇಕು ಅನ್ನೋದೇ ಹೊಳೆದಿರಲಿಲ್ಲ. ಹೋದ ಸಲವೂ ಅಷ್ಟೇ, "ಚೀಲ ಕಟ್ಟು" ಅಂದಿದ್ದೆವು, ಅವಳು ಕಟ್ಟಿದ್ದಳು.

ರಾತ್ರಿ ಕೂತು ಲೆಕ್ಕ ಹಾಕಿದಾಗ ಒಂದೊಂದೇ ಅಡ್ಡ ಬಂತು. ನಮ್ಮ ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರ. ಮುಕ್ತಿನಾಥ 3,700 ಮೀಟರ್ ದಾಟುತ್ತದೆ. 2,500 ಮೀಟರ್ ಮೇಲೆ ಹೋದರೆ ಗಾಳಿ ತೆಳುವಾಗಿ ತಲೆನೋವು, ಏದುಸಿರು ಶುರುವಾಗಬಹುದು. ನಡುವೆ ಒಂದೆರಡು ರಾತ್ರಿ ತಂಗಿ ಮೈ ಒಗ್ಗಿಸಿಕೊಳ್ಳಬೇಕು. ಪೋಖರಾದಿಂದ ಜೋಮ್‌ಸೊಮ್‌ಗೆ ಸಣ್ಣ ವಿಮಾನ ಇದೆ, ಮಧ್ಯಾಹ್ನ ಗಾಳಿ ಜೋರಾಗುತ್ತದೆ ಅಂತ ಬೆಳಿಗ್ಗೆಯೇ ಹಾರುತ್ತವೆ. 2022ರ ಮೇನಲ್ಲಿ ಅದೇ ದಾರಿಯಲ್ಲಿ ವಿಮಾನ ಬಿದ್ದು 22 ಜನರೂ ಸತ್ತಿದ್ದರು. ರಸ್ತೆಯಲ್ಲಿ ಹೋದರೆ ಅವ್ವನ ಹೊಟ್ಟೆ. ಅವ್ವನಿಗೆ 67. ಬಿಪಿ ಮಾತ್ರೆ ಬೇರೆ. ಇಷ್ಟೆಲ್ಲ ಗೊತ್ತಿದ್ದೂ "ನಿಧಾನಕ್ಕೆ ಕರ್ಕೊಂಡು ಹೋದರಾಯ್ತು" ಅಂತ ನಮಗೆ ನಾವೇ ಹೇಳಿಕೊಂಡೆವು. ಬೇರೆಯವರ ಮನೆಯಲ್ಲಿ ಹೀಗೆ ಮಾಡಿದ್ದರೆ ಎರಡು ಕಾಲಂ ಬರೆದಿರುತ್ತಿದ್ದೆವು.

ಪರೀಕ್ಷೆ ಆದದ್ದು ಮಸ್ಕಿಯಲ್ಲಿ. ಅದು ಅವ್ವನ ತವರು. ಒಂದು ಸೋಮವಾರ ಮಲ್ಲಯ್ಯನ ಗುಡ್ಡಕ್ಕೆ ಹೋಗಿದ್ದೆವು. ಲಂಗ ಹಾಕುವ ವಯಸ್ಸಿನಲ್ಲಿ ಅವ್ವ ಆ ಮೆಟ್ಟಿಲುಗಳನ್ನು ಓಡಿ ಹತ್ತುತ್ತಿದ್ದಳಂತೆ. ಈ ಸಲ ಅರ್ಧಕ್ಕೂ ಬರಲಿಲ್ಲ, ಕಟ್ಟೆ ಹಿಡಿದು ಕೂತಳು. ತುಟಿ ಒಣಗಿತ್ತು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು:

"ಹೋಗಬೇಕು ಅಂದಾವ ನಿಮ್ಮಪ್ಪ. ನನಗ ಯಾರು ಕೇಳೀರಿ? ಅವನ ಹರಕಿ ನನ್ನ ಕಾಲಿಲೆ ತೀರಿಸಾಕ ಹೊಂಟೀರೇನು?"

ಉತ್ತರ ಇರಲಿಲ್ಲ. ಮಗಳು ಮಾತ್ರ ಕೇಳಿದಳು, "ಹಂಗಾದ್ರ ನಿನಗ ಎಲ್ಲಿ ಹೋಗಬೇಕು ಅಜ್ಜಿ?"

ಅವ್ವ ಬಹಳ ಹೊತ್ತು ಯೋಚಿಸಿದಳು. ಊರ ಹೆಸರು ಹೇಳಲಿಲ್ಲ. ಬಸ್ಸಿನಿಂದ ಇಳಿದು ಹೊಲದಾಗ ನಡೀಬೇಕು, ಒಂದೇ ಕಡೆ ಎರಡು ದಿನ ಇರಬೇಕು, ಅಲ್ಲಿಯ ಹೆಂಗಸರು ಏನು ಬಿತ್ತುತ್ತಾರೆ ನೋಡಬೇಕು ಅಂದಳು. ಹೋದ ಸಲ ಗಡಿ ದಾಟಿದ ಕೂಡಲೇ ನಮ್ಮ ಕಡೆಯಂಥದೇ ಸಪಾಟು ಭೂಮಿ ಕಂಡಿತ್ತಂತೆ, ಸಾಸಿವೆ ಹೂ ಬಿಟ್ಟಿತ್ತಂತೆ, "ಅಲ್ಲೇ ಇಳಿಸಿದ್ರ ಚಲೋ ಇತ್ತು" ಅನಿಸಿತ್ತಂತೆ. ಆರು ವರ್ಷ ಅದನ್ನು ಬಾಯಿ ಬಿಟ್ಟಿರಲಿಲ್ಲ.

ಆ ಸಪಾಟು ಭೂಮಿಗೆ ತರಾಯಿ ಅನ್ನುತ್ತಾರೆ. ಲುಂಬಿನಿ ಇರೋದು ಅಲ್ಲೇ, ಸೋನೌಲಿ ಗಡಿಯಿಂದ ಒಂದು ತಾಸಿನ ದಾರಿ. ಬುದ್ಧ ಹುಟ್ಟಿದ ಜಾಗದಲ್ಲಿ ಅಶೋಕ ನಿಲ್ಲಿಸಿದ ಕಂಬ ಇದೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಯ ಶಾಸನದಿಂದಲೇ ಆ ರಾಜನ ಹೆಸರು ಅಶೋಕ ಅಂತ ಖಾತ್ರಿಯಾದದ್ದು, ಅದು ಅವ್ವನ ತವರಿನ ಬಂಡೆ. ಲುಂಬಿನಿ ಕಂಬದ ಬರಹದಲ್ಲಿ ಏನಿದೆ ಅಂತ ಹೇಳಿದೆವು: ಪಟ್ಟಕ್ಕೆ ಬಂದ 20 ವರ್ಷಕ್ಕೆ ರಾಜ ತಾನೇ ಬಂದ, ಆ ಹಳ್ಳಿಯ ಒಂದು ತೆರಿಗೆ ಮಾಫಿ ಮಾಡಿದ, ಬೆಳೆಯ ಪಾಲನ್ನು ಎಂಟರಲ್ಲಿ ಒಂದಕ್ಕೆ ಇಳಿಸಿದ.

"ಕಂದಾಯ ಇಳಿಸಿದ್ನಾ?" ಅಂತ ಅವ್ವ ನೆಟ್ಟಗೆ ಕೂತಳು. "ಹಂಗಾದ್ರ ಅದನ್ನ ನೋಡಾಕಬೇಕು."

ಅಪ್ಪನ ವಿಷಯ ಉಳಿದಿತ್ತು. ಅದನ್ನು ಬಿಡಿಸಿದ್ದು ನಕ್ಷೆ. ಮುಕ್ತಿನಾಥದ ನೀರು ಕಾಗ್‌ಬೇನಿ ಹತ್ತಿರ ಕಾಳಿಗಂಡಕಿಗೆ ಸೇರುತ್ತದೆ. ಸಾಲಿಗ್ರಾಮ ಸಿಗುವ ನದಿ ಅದೇ. ಬೆಟ್ಟ ಇಳಿದು ಇಳಿದು ದೇವಘಾಟ್ ಎಂಬಲ್ಲಿ ತ್ರಿಶೂಲಿಯನ್ನು ಕೂಡಿ ನಾರಾಯಣಿ ಆಗುತ್ತದೆ. ದೇವಘಾಟ್ ಇರೋದು ಕೆಳಗೆ, ಚಿತ್ವನ್ ಕಾಡಿನ ಕಡೆಗೆ, ನಮ್ಮ ರಾಯಚೂರಿಗಿಂತ ತಗ್ಗಿನಲ್ಲಿ. ಅಪ್ಪ ಹತ್ತಿ ಹೋಗಬೇಕು ಅಂದಿದ್ದ ನೀರು ತಾನೇ ಇಳಿದು ಅಲ್ಲಿಗೆ ಬರುತ್ತದೆ. ಅವ್ವ ಅಲ್ಲಿ ಕಾಲಿಟ್ಟು ಮುಳುಗಬಹುದು, ಏದುಸಿರು ಬಿಡಬೇಕಿಲ್ಲ. ಇದನ್ನು ಹೇಳಿದಾಗ ಅವಳು "ಹೂಂ" ಅಂದಳು, ಅಷ್ಟೇ. ರಾತ್ರಿ ಟ್ರಂಕು ತೆಗೆದ ಸಪ್ಪಳ ಕೇಳಿತು.

ಮಗಳಿಗಂತೂ ಹಬ್ಬ. 2021ರ ಎಣಿಕೆಯಲ್ಲಿ ನೇಪಾಳದಲ್ಲಿ 752 ಘೇಂಡಾಮೃಗ ಇದ್ದವು, ಅವುಗಳಲ್ಲಿ ಬಹುಪಾಲು ಚಿತ್ವನ್‌ನಲ್ಲೇ. ಮನೆಯವಳದ್ದು ಮಾತ್ರ ಮುಖ ಇನ್ನೂ ಊದಿದೆ. ಪೋಖರಾದ ಹಾದಿಯ ತಿರುವುಗಳನ್ನು ಅವ್ವನ ಹೊಟ್ಟೆ ತಡೆಯೋದಿಲ್ಲ ಅಂದದ್ದಕ್ಕೆ, "ಮೂರನೇ ಸಲ ನಾನು ನನ್ನ ತಂಗಿ ಇಬ್ಬರೇ ಹೋಗ್ತೀವಿ" ಅಂದಿದ್ದಾಳೆ. ಹೋಗಲಿ. ನ್ಯಾಯವಾದ ಮಾತೇ.

ಹೊರಡೋದು ಫೆಬ್ರವರಿ ನಡುವೆ, ತರಾಯಿಯ ಮಂಜು ಕರಗಿದ ಮೇಲೆ. ಸಿಕಂದರಾಬಾದಿನಿಂದ ರೈಲಿನಲ್ಲಿ ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ. ನೀವೂ ಹೊರಡುವವರಿದ್ದರೆ ಒಂದು ಮಾತು: ದೊಡ್ಡವರಿಗೆ ಆಧಾರ್ ನಡೆಯೋದಿಲ್ಲ, ವೋಟರ್ ಐಡಿಯೋ ಪಾಸ್‌ಪೋರ್ಟೋ ಬೇಕು. 65 ದಾಟಿದವರಿಗೆ, 15ರ ಒಳಗಿನವರಿಗೆ ಆಧಾರ್ ಸಾಕು. ನಮ್ಮ 100 ರೂಪಾಯಿಗೆ ಅಲ್ಲಿಯ 160. ನಾವು ನೂರರ ನೋಟನ್ನೇ ಮಾಡಿಸಿಟ್ಟುಕೊಂಡಿದ್ದೇವೆ.

ಟಿಕೆಟ್ ಇನ್ನೂ ವೇಟಿಂಗ್‌ನಲ್ಲಿದೆ, 14ರಿಂದ 17. ಅವ್ವ ಅದನ್ನೆಲ್ಲ ಕೇಳೋದಿಲ್ಲ. ದಿನಕ್ಕೆ ತಲೆಗೆ ಮೂರು ಖಡಕ್ ರೊಟ್ಟಿ, ನಾಲ್ಕು ತಲೆ, ಹನ್ನೊಂದು ದಿನ ಅಂತ ಮೊಮ್ಮಗಳ ಕೈಲಿ ಗುಣಿಸಿಸುತ್ತಿದ್ದಾಳೆ. ಶೇಂಗಾ ಚಟ್ನಿಯ ಡಬ್ಬಿ ಆಗಲೇ ತೊಳೆದು ಬಿಸಿಲಿಗೆ ಇಟ್ಟಿದ್ದಾಳೆ.