‘ಬ್ರೇಕ್ ಫೇಲ್ ಆಗಿ’ ಎಂದು ಬರೆಯುವ ಮುನ್ನ

ಪತ್ರಿಕೆಯಲ್ಲಿದ್ದ ಮೂರು ವರ್ಷದಲ್ಲಿ ನಾನು ಬರೆದ ಅಪಘಾತದ ಸುದ್ದಿಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಎಷ್ಟೋ ಸುದ್ದಿಗಳ ಎರಡನೇ ಸಾಲು ಒಂದೇ: ‘ಬ್ರೇಕ್ ವಿಫಲಗೊಂಡು ಚಾಲಕನ ನಿಯಂತ್ರಣ ತಪ್ಪಿದ ವಾಹನ...’ ಠಾಣೆಗೆ ಫೋನ್ ಮಾಡಿದರೆ ಅವರು ಅದನ್ನೇ ಹೇಳುತ್ತಿದ್ದರು, ನಾನು ಅದನ್ನೇ ಟೈಪ್ ಮಾಡುತ್ತಿದ್ದೆ. ಬ್ರೇಕ್ ಯಾಕೆ ವಿಫಲವಾಯಿತು ಅಂತ ಒಂದು ದಿನವೂ ಕೇಳಲಿಲ್ಲ. ಆಮೇಲೆ ಕೆಲಸ ಬಿಟ್ಟು ಊರಿಗೆ ಬಂದೆ. ಅಪ್ಪನ ಜೊತೆ ಸೇರಿ ಒಂದು ಹಳೇ ಪಿಕಪ್ ಕೊಂಡೆ. ಮುಂದಿನ ವರ್ಷವೇ ಚಾರ್ಮಾಡಿ ಘಾಟಿಯಲ್ಲಿ ಒಂದು ರಾತ್ರಿ, ಆ ಎರಡನೇ ಸಾಲನ್ನು ಬೇರೆ ಯಾರೋ ನಮ್ಮಿಬ್ಬರ ಬಗ್ಗೆ ಟೈಪ್ ಮಾಡುವುದು ಸ್ವಲ್ಪದರಲ್ಲಿ ತಪ್ಪಿತು.

ಚಿಕ್ಕಮಗಳೂರು ಅಂದ ಕೂಡಲೇ ಎಲ್ಲರಿಗೂ ಕಾಫಿ ತೋಟ ನೆನಪಾಗುತ್ತದೆ. ನಮ್ಮದು ಲಕ್ಯಾ ಕಡೆ, ಬಯಲು. ಎಲೆಕೋಸು, ಬೀನ್ಸ್, ಟೊಮೆಟೊ ಬೆಳೆಯುತ್ತೇವೆ. ಬೆಳೆದದ್ದನ್ನು ಊರಲ್ಲೇ ಕೊಟ್ಟರೆ ಕೇಳಿದ ರೇಟು, ಘಟ್ಟ ಇಳಿಸಿ ಮಂಗಳೂರಿಗೆ ಒಯ್ದರೆ ಮೂಟೆಗೆ ನಾಲ್ಕು ಕಾಸು ಹೆಚ್ಚು. ಹೀಗಾಗಿ ಸ್ವಂತ ಗಾಡಿ ಇದ್ದರೆ ನಮ್ಮ ಮಾಲೂ ಹೋಗುತ್ತದೆ, ಅಕ್ಕಪಕ್ಕದವರ ಬಾಡಿಗೆಯೂ ಸಿಗುತ್ತದೆ ಅನ್ನೋದು ಅಪ್ಪನ ಬಹುದಿನದ ಲೆಕ್ಕ.

ನಮ್ಮ ಕಡೆ ಪಿಕಪ್ ಅಂದರೆ ಬೊಲೆರೊ ಪಿಕಪ್ಪೇ. 2523 ಸಿಸಿ ಡೀಸೆಲ್ ಎಂಜಿನ್, ಯಾವ ಹಳ್ಳಿಯ ಮೆಕ್ಯಾನಿಕ್ ಕೈಗೂ ಬಗ್ಗುತ್ತದೆ, ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆ. ನಮಗೆ ಸಿಕ್ಕಿದ್ದು ಎಂಟು ವರ್ಷ ಓಡಿದ ಗಾಡಿ, ಮೀಟರಿನಲ್ಲಿ 1 ಲಕ್ಷ 38 ಸಾವಿರ ಕಿಲೋಮೀಟರ್. 3 ಲಕ್ಷ 60 ಸಾವಿರಕ್ಕೆ ವ್ಯಾಪಾರ ಕುದುರಿತು. ಅಮ್ಮನ ಸಂಘದಿಂದ ಸಾಲ, ನನ್ನ ಪಿಎಫ್, ಎರಡು ಹಸು ಮಾರಿದ ದುಡ್ಡು, ಎಲ್ಲ ಸೇರಿ ಅಷ್ಟಾಯಿತು.

ಕೊಳ್ಳುವಾಗ ನಾವೇನು ಕಣ್ಣು ಮುಚ್ಚಿಕೊಂಡು ಕೊಂಡಿರಲಿಲ್ಲ. ಗ್ಯಾರೇಜಿನ ಮೇಸ್ತ್ರಿಯನ್ನು ಬೆಳಿಗ್ಗೆ ಆರಕ್ಕೇ ಕರೆದುಕೊಂಡು ಹೋಗಿದ್ದೆವು. ಡೀಸೆಲ್ ಗಾಡಿಯನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಬೇಕು ಅಂದವರು ಅವರೇ. ಮಾರುವವನು ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅದರ ಅರ್ಧ ಕಾಯಿಲೆ ಕಾಣುವುದಿಲ್ಲವಂತೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಹೊಗೆ ದಬದಬ ಬರುತ್ತದೆಯೇ ನೋಡಿದರು. ಸೈಲೆನ್ಸರಿನ ಹೊಗೆ ನೀಲಿಯೋ ಕಪ್ಪೋ ನೋಡಿದರು. ರೇಡಿಯೇಟರ್ ನೀರಿನಲ್ಲಿ ಆಯಿಲ್ ತೇಲುತ್ತಿದೆಯೇ ಅಂತ ಬೆರಳದ್ದಿ ನೋಡಿದರು. ಚಾಸಿಸ್ ನಂಬರನ್ನು ಆರ್‌ಸಿಯ ಜೊತೆ ಹೋಲಿಸಿದರು. ಫಾರ್ಮ್ 29, 30ಕ್ಕೆ ಸಹಿ, ಹಳೇ ಸಾಲ ತೀರಿದ್ದಕ್ಕೆ ಫಾರ್ಮ್ 35, ಎಲ್ಲ ಸರಿಯಾಗಿತ್ತು.

ಮೊದಲ ವರ್ಷ ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡೆವು. ಹಿಂದಿನ ಮಾಲೀಕ ರೇಡಿಯೇಟರಿಗೆ ಬೋರ್‌ವೆಲ್ ನೀರನ್ನೇ ಸುರಿದಿದ್ದ. ಒಳಗೆಲ್ಲ ಸುಣ್ಣ ಕಟ್ಟಿತ್ತು. ಅದನ್ನು ತೊಳೆಸಿ ಕೂಲೆಂಟ್ ಹಾಕಿಸಿದೆವು. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇರುತ್ತದೆ. ಅದನ್ನು ಹದಿನೈದು ದಿನಕ್ಕೊಮ್ಮೆ ಸಡಿಲಿಸಿ ನೀರು ಇಳಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಇಂಜೆಕ್ಟರಿಗೆ ನೀರು ಹೋದರೆ ಖರ್ಚು ಸಾವಿರದಲ್ಲಿ ಮುಗಿಯುವುದಿಲ್ಲ. ಹೊಲದ ದಾರಿಯ ಧೂಳಿಗೆ ಏರ್ ಫಿಲ್ಟರ್ ವಾರಕ್ಕೊಮ್ಮೆ ಬಿಚ್ಚಿ ಊದುತ್ತಿದ್ದೆ. ಗ್ರೀಸ್ ಹೊಡೆಸುವುದು, ಎಂಜಿನ್ ಆಯಿಲ್ ಬದಲಿಸುವುದು ಯಾವುದೂ ತಪ್ಪಲಿಲ್ಲ. ಅಂದರೆ, ಗಾಡಿ ಓಡುವುದಕ್ಕೆ ಏನೇನು ಬೇಕೋ ಅದೆಲ್ಲ ಮಾಡಿದೆವು. ನಿಲ್ಲುವುದಕ್ಕೆ ಏನು ಬೇಕು ಅಂತ ಯೋಚಿಸಲಿಲ್ಲ. ಬ್ರೇಕ್ ಹಿಡಿಯುತ್ತಿತ್ತಲ್ಲ, ಅಷ್ಟು ಸಾಕಿತ್ತು.

ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ‘ಕೆಲಸ ಮಾಡಿಸುವ’ ಚಟ ಹತ್ತಿತು. ಎಲ್‌ಇಡಿ ಲೈಟು, ಊರಿಗೆಲ್ಲ ಕೇಳುವ ಹಾರನ್, ಪಾಟು ಕೇಳುವ ಸೆಟ್ಟು, ಮುಂದಿನ ಗಾಜಿನ ಮೇಲೆ ಮನೆದೇವರ ಹೆಸರು. ಇವ್ಯಾವುದರಿಂದಲೂ ತೊಂದರೆಯಾಗಲಿಲ್ಲ. ತೊಂದರೆಯಾಗಿದ್ದು ಪ್ಲೇಟಿನಿಂದ.

ಪಿಕಪ್ಪಿನ ಹಿಂದಿನ ಆಕ್ಸಲ್ ಮೇಲೆ ಸ್ಪ್ರಿಂಗ್ ಪ್ಲೇಟುಗಳ ಕಟ್ಟು ಇರುತ್ತದೆ. ನಮ್ಮ ಗಾಡಿಯ ಲೋಡು 1,300 ಕೆಜಿ. ಎಲೆಕೋಸಿನ ಮೂಟೆ ಐವತ್ತು ಕೆಜಿ ಅಂದರೂ 26 ಮೂಟೆ. ಆದರೆ ಬೇರೆ ಪಿಕಪ್ಪಿನವರೆಲ್ಲ 40 ಹೇರುತ್ತಿದ್ದರು. ನಾವೂ 40 ಹೇರಿದರೆ ಗಾಡಿ ಹಿಂದಕ್ಕೆ ಕೂತು, ಮೂತಿ ಎತ್ತಿಕೊಂಡು, ಹೆಡ್‌ಲೈಟ್ ಮರದ ತುದಿ ಬೆಳಗುತ್ತಿತ್ತು. ‘ಎರಡೂ ಕಡೆ ಎರಡೆರಡು ಪ್ಲೇಟ್ ಜಾಸ್ತಿ ಹಾಕ್ಸಿ, ಆನೆ ಹತ್ತಿಸಿದ್ರೂ ಕೂರಲ್ಲ’ ಅಂತ ಎಲ್ಲರೂ ಅಂದರು. 6,500 ರೂಪಾಯಿಗೆ ಹಾಕಿಸಿದೆವು. ಮೇಸ್ತ್ರಿ ಮಾತ್ರ ಬೇಡ ಅಂದಿದ್ದರು. ಅವರು ಬೇಡ ಅಂದಿದ್ದಕ್ಕೆ ಬೇರೆ ಕಡೆ ಹಾಕಿಸಿದೆವು.

ಮಜಾ ಅಂದರೆ, ಆಮೇಲೆ ಗಾಡಿ ನಿಜವಾಗಿಯೂ ಸುಧಾರಿಸಿದ ಹಾಗೇ ಕಾಣಿಸಿತು. 40 ಮೂಟೆ ಹೇರಿದರೂ ನೆಟ್ಟಗೆ ನಿಲ್ಲುತ್ತಿತ್ತು. ಎಫ್‌ಸಿಗೆ ಮುಂಚೆ ಹಿಂದಿನ ಚಕ್ರ ಬಿಚ್ಚಿಸಿದಾಗ ಲೈನರ್ ಸವೆದೇ ಇರಲಿಲ್ಲ. ‘ನೋಡಪ್ಪ, ದುಡ್ಡು ಉಳೀತು’ ಅಂತ ಅಪ್ಪ ಖುಷಿಪಟ್ಟರು. ಖಾಲಿ ಗಾಡಿ ತಪಾಸಣೆಗೆ ಹೋಯಿತು, ಬ್ರೇಕ್ ಹಿಡಿಯಿತು, ಪಾಸಾಯಿತು.

ಡಿಸೆಂಬರ್ ರಾತ್ರಿ. ನಾನು, ಅಪ್ಪ, ಹಿಂದೆ 40 ಮೂಟೆ ಕೋಸು. ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಹೊರಟೆವು. ಮಂಜು ಹರಡಿತ್ತು. ‘ಎರಡ್ರಲ್ಲೇ ಇಳ್ಸು’ ಅಂತ ಅಪ್ಪ ಅಂದರು. ಮಾರ್ಕೆಟ್ಟಿಗೆ ಹೊತ್ತಾಗುತ್ತದೆ ಅಂತ ನಾನು ಮೂರನೇ ಗೇರಿನಲ್ಲೇ ಬ್ರೇಕ್ ಒತ್ತಿ ಒತ್ತಿ ಇಳಿಸುತ್ತಿದ್ದೆ. ಎಷ್ಟೋ ತಿರುವು ದಾಟಿದ ಮೇಲೆ ಏನೋ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದ್ದು ಅಂದುಕೊಂಡೆ. ಅದರ ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಹತ್ತಿ ಮೂಟೆ ಮೇಲೆ ಕಾಲಿಟ್ಟ ಹಾಗಾಯಿತು. ಇನ್ನೊಮ್ಮೆ ಒತ್ತಿದೆ. ಪೆಡಲ್ ನೆಲ ಮುಟ್ಟಿತು.

ನಾನು ಏನೇನು ಮಾಡಿದೆ ಅಂತ ಕ್ರಮವಾಗಿ ಹೇಳಲು ಬರುವುದಿಲ್ಲ. ಎರಡನೇ ಗೇರಿಗೆ ತಂದಾಗ ಎಂಜಿನ್ ಕಿರುಚಿಕೊಂಡಿದ್ದು ನೆನಪಿದೆ. ಅಪ್ಪ ಮಾತೇ ಆಡದೆ ಹ್ಯಾಂಡ್ ಬ್ರೇಕಿಗೆ ಕೈ ಹಾಕಿ ಸ್ವಲ್ಪ ಸ್ವಲ್ಪವೇ ಎಳೆದಿದ್ದು ನೆನಪಿದೆ. ಎಡಕ್ಕೆ ಗುಡ್ಡದ ಬದಿ ಸಿಕ್ಕಿದ ಕಡೆ ಗಾಡಿಯನ್ನು ಚರಂಡಿಗೆ ಇಳಿಸಿದೆ. ಮಣ್ಣಿಗೆ ಉಜ್ಜಿಕೊಂಡು ಹೋಗಿ ನಿಂತಿತು. ಕನ್ನಡಿ ಹೋಯಿತು, ಒಂದು ಬಾಗಿಲು ನಜ್ಜಾಯಿತು. ಬಲಗಡೆ ಕಟ್ಟೆಯ ಆಚೆ ಏನೂ ಇರಲಿಲ್ಲ, ಬರೀ ಮಂಜು.

ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಅಪ್ಪ ನೀರಿನ ಕ್ಯಾನ್ ತಂದು ಸುರಿಯಲು ಹೋದರು. ಗಾಡಿ ನಿಲ್ಲಿಸಿ ಇಳಿದು ಬಂದ ಲಾರಿ ಡ್ರೈವರೊಬ್ಬರು ಕೈ ಹಿಡಿದುಕೊಂಡರು. ‘ಯಜಮಾನ್ರೇ, ಬಿಸಿ ಮೇಲೆ ನೀರ್ ಹಾಕ್ಬೇಡಿ, ಡಿಸ್ಕ್ ಸೊಟ್ಟಾಗುತ್ತೆ. ಸುಮ್ನೆ ಒಂದ್ ಗಂಟೆ ಕೂತ್ಕೊಳ್ಳಿ. ಬ್ರೇಕ್ ತಾನೇ ವಾಪಸ್ ಬರುತ್ತೆ.’

ನನಗೆ ನಂಬಿಕೆ ಬರಲಿಲ್ಲ. ಆದರೆ ಒಂದು ಗಂಟೆ ಬಿಟ್ಟು ಒತ್ತಿದರೆ ಪೆಡಲ್ ಮೊದಲಿನಂತೆಯೇ ಗಟ್ಟಿಯಾಗಿತ್ತು. ಏನೂ ಆಗಿಯೇ ಇಲ್ಲವೇನೋ ಎಂಬಂತೆ. ನಾವು ಆ ಕಟ್ಟೆ ದಾಟಿ ಬಿದ್ದಿದ್ದರೆ, ಬೆಳಿಗ್ಗೆ ಯಾರಾದರೂ ಗಾಡಿ ಪರೀಕ್ಷಿಸಿದ್ದರೆ, ಪೆಡಲ್ ಆಗಲೂ ಗಟ್ಟಿಯಾಗಿಯೇ ಇರುತ್ತಿತ್ತೇನೋ. ‘ಚಾಲಕನ ಅಜಾಗರೂಕತೆ’ ಅಂತ ಬರೆದು ಮುಗಿಸುತ್ತಿದ್ದರು.

ಎರಡನೇ ಗೇರಿನಲ್ಲಿ ತೆವಳಿಕೊಂಡು ಘಟ್ಟ ಇಳಿದು ಮಾಲು ಮುಟ್ಟಿಸಿದೆವು. ಊರಿಗೆ ಬಂದು ಮೇಸ್ತ್ರಿಯ ಮುಂದೆ ತಲೆ ತಗ್ಗಿಸಿ ನಿಂತೆವು. ಅವರು ಬೈಯಲಿಲ್ಲ. ಮುಂದಿನ ಚಕ್ರ ಬಿಚ್ಚಿ ತೋರಿಸಿದರು. ಡಿಸ್ಕ್ ನೀಲಿಗಟ್ಟಿತ್ತು, ಪ್ಯಾಡ್ ಗಾಜಿನ ಹಾಗೆ ಹೊಳೆಯುತ್ತಿತ್ತು. ಹಿಂದಿನ ಡ್ರಮ್ ಬಿಚ್ಚಿದರು. ಲೈನರ್ ಹೊಸದರಂತೆಯೇ ಇತ್ತು. ‘ಗೌಡ್ರೇ, ಇದನ್ನ ನೋಡಿ ಖುಷಿಪಟ್ರಲ್ಲ, ಆವತ್ತೇ ಹೆದರ್ಬೇಕಿತ್ತು’ ಅಂದರು.

ಆಮೇಲೆ ನನ್ನನ್ನು ಗಾಡಿ ಕೆಳಗೆ ಮಲಗಿಸಿದರು. ಚಾಸಿಸ್‌ಗೆ ಒಂದು ಸಣ್ಣ ವಾಲ್ವ್ ಇತ್ತು, ಅದರಿಂದ ಒಂದು ಕಡ್ಡಿ ಹಿಂದಿನ ಆಕ್ಸಲಿಗೆ ಹೋಗಿತ್ತು. ಲೋಡು ಹೇರಿದಾಗ ಬಾಡಿ ಕೆಳಗೆ ಕೂರುತ್ತದೆ, ಕಡ್ಡಿ ತಿರುಗುತ್ತದೆ, ಆಗ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್ ಆಗಿ ಜಾರಬಾರದು ಅಂತ ಕಡಿಮೆ ಬಿಡುತ್ತದೆ. ಅಂದರೆ ಬಾಡಿ ಎಷ್ಟು ಕೂತಿದೆ ಅನ್ನೋದನ್ನು ನೋಡಿಯೇ ಗಾಡಿಗೆ ತನ್ನ ಮೇಲಿನ ಭಾರ ಗೊತ್ತಾಗುವುದು. ನಾವು ಪ್ಲೇಟ್ ಹಾಕಿಸಿ ಬಾಡಿ ಕೂರದ ಹಾಗೆ ಮಾಡಿದ್ದೆವು. ಎರಡು ಟನ್ ಹೇರಿದರೂ ಆ ವಾಲ್ವಿನ ಲೆಕ್ಕದಲ್ಲಿ ಗಾಡಿ ಹೆಚ್ಚುಕಡಿಮೆ ಖಾಲಿ. ಹಿಂದಿನ ಬ್ರೇಕ್ ಸುಮ್ಮನಿತ್ತು, ಎಲ್ಲ ಭಾರ ಮುಂದಿನ ಎರಡು ಡಿಸ್ಕ್ ಮೇಲೆ.

ಅದರ ಮೇಲೆ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವುದಕ್ಕೆ ಕನಿಷ್ಠ 205 ಡಿಗ್ರಿ ಬೇಕು. ನೀರು ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ನಮ್ಮದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕಾದ ಡಿಸ್ಕಿನ ಪಕ್ಕ ಅದು ಕುದಿದು ಆವಿಯಾಯಿತು. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟಿದ್ದು ಅದಕ್ಕೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು, ಬ್ರೇಕ್ ವಾಪಸ್ ಬಂತು. ಹ್ಯಾಂಡ್ ಬ್ರೇಕ್ ಕೇಬಲ್ಲಿನದು, ಆಯಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಅದು ಹಿಡಿಯುವುದು ಹಿಂದಿನ ಡ್ರಮ್ಮನ್ನು. ದುಡಿಯದೇ ಇದ್ದದ್ದಕ್ಕೆ ಆ ಡ್ರಮ್ಮು ತಣ್ಣಗಿತ್ತು. ನಮ್ಮನ್ನು ಉಳಿಸಿದ್ದು ಅಪ್ಪನ ಕೈ ಮತ್ತು ಆ ತಣ್ಣನೆಯ ಡ್ರಮ್ಮು.

ಹೊಸ ಡಿಸ್ಕ್, ಪ್ಯಾಡ್, ಪೂರ್ತಿ ಹೊಸ ಬ್ರೇಕ್ ಆಯಿಲ್, ವಾಲ್ವಿನ ಕಡ್ಡಿಯ ಸೆಟ್ಟಿಂಗ್, ಪ್ಲೇಟ್ ತೆಗೆಸಿದ ಕೂಲಿ, ಬಾಗಿಲಿನ ಟಿಂಕರಿಂಗ್ ಎಲ್ಲ ಸೇರಿ 17,800 ರೂಪಾಯಿ. ಇದು ಸುಲಭದ ಖರ್ಚು. ಕಷ್ಟವಾದದ್ದು 26 ಮೂಟೆಯ ಲೆಕ್ಕ.

ಮಂಗಳೂರಿಗೆ ಹೋಗಿ ಬರಲು ಮುನ್ನೂರು ಚಿಲ್ಲರೆ ಕಿಲೋಮೀಟರ್, ಡೀಸೆಲ್ಲಿಗೆ ಸುಮಾರು 2,300. ಮೂಟೆಗೆ 130ರಂತೆ 40 ಮೂಟೆಗೆ 5,200 ಬರುತ್ತಿತ್ತು. 26ಕ್ಕೆ 3,380. ಟೋಲು, ಊಟ, ಟೈರಿನ ಸವೆತ ಕಳೆದರೆ ಕೈಗೆ ಬರುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಹೆಚ್ಚು ತೂಕಕ್ಕೆ ದಂಡ 20,000 ರೂಪಾಯಿ, ಮೇಲಿನ ಒಂದೊಂದು ಟನ್ನಿಗೆ ಇನ್ನೂ 2,000 ಅಂತ ಕಾನೂನು ಹೇಳುತ್ತದೆ. ಆದರೆ ಕಾನೂನು ಕೋಸಿನ ಬಾಡಿಗೆ ಎಷ್ಟಿರಬೇಕು ಅಂತ ಹೇಳುವುದಿಲ್ಲ. ಎಲ್ಲರೂ 40 ಹೇರಿದರೆ ಬಾಡಿಗೆ 40ರ ಲೆಕ್ಕಕ್ಕೇ ಇಳಿದಿರುತ್ತದೆ. 26 ಹೇರುವವನು ಕೈಯಿಂದ ಕೊಡಬೇಕು.

ನಾವು ಮೂಟೆಗೆ 150 ಕೇಳಿದೆವು. ಇಬ್ಬರು ಬಿಟ್ಟು ಹೋದರು. ‘ಭಯ ಬಿದ್ದೋರು ಗಾಡಿ ಇಟ್ಕೋಬಾರ್ದು’ ಅಂತ ಒಬ್ಬರು ಅಪ್ಪನ ಎದುರಿಗೇ ಅಂದರು. ಅಪ್ಪ ಮೂರು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನ ಅವರೇ ಬಂದು, ವಾಪಸ್ ಬರುವಾಗ ಖಾಲಿ ಬರಬಾರದು, ಏನಾದರೂ ಹುಡುಕು ಅಂದರು. ಈಗ ಮೂರು ಸಲಕ್ಕೊಮ್ಮೆ ವಾಪಸ್ ಬಾಡಿಗೆ ಸಿಗುತ್ತದೆ: ಒಮ್ಮೆ ಅಂಗಡಿ ಸಾಮಾನು, ಒಮ್ಮೆ ಮನೆ ಬದಲಿಸುವವರ ಸಾಮಾನು. ಸಂಘದ ಕಂತು ತಪ್ಪಿಲ್ಲ. ಉಳಿತಾಯ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಊರಿನ ಸುದ್ದಿಯನ್ನು ಈಗಲೂ ಆಗಾಗ ಬರೆದು ಕಳಿಸುತ್ತೇನೆ. ಹೋದ ತಿಂಗಳು ಪಿಕಪ್ ಪಲ್ಟಿಯಾದ ಸುದ್ದಿ ಬಂತು. ಡ್ರೈವರ್ ಬದುಕಿದ್ದ, ಆಸ್ಪತ್ರೆಯಲ್ಲಿ ಮಾತಾಡಿಸಿದೆ. ‘ಬ್ರೇಕ್ ಫೇಲಾಯ್ತಣ್ಣ’ ಅಂದ. ಎಷ್ಟು ಮೂಟೆ ಇತ್ತು, ಪ್ಲೇಟ್ ಹಾಕ್ಸಿದ್ಯಾ, ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು, ಮೂಟೆಗೆ ಬಾಡಿಗೆ ಎಷ್ಟು ಅಂತ ಕೇಳಿದೆ. ಅವನು ನನ್ನ ಮುಖ ನೋಡಿದ. ‘ಗಾಡಿ ಇಟ್ಟಿದ್ದೀರಾ ಅಣ್ಣ?’ ಅಂದ. ಸುದ್ದಿ ನಾಲ್ಕು ಸಾಲು ಉದ್ದವಾಯಿತು. ಎರಡು ಸಾಲು ಕತ್ತರಿಸಿ ಹಾಕಿದರು, ಬಾಡಿಗೆಯ ಸಾಲು ಉಳಿಯಿತು.

ತೆಗೆಸಿದ ಪ್ಲೇಟುಗಳನ್ನು ಗುಜರಿಗೆ ಹಾಕೋಣ ಅಂದೆ. ಅಪ್ಪ ಬಿಡಲಿಲ್ಲ. ಒಳ್ಳೇ ಉಕ್ಕು ಅಂತ ಕುಲುಮೆಗೆ ಒಯ್ದು ಎರಡು ಕತ್ತಿ ಹೊಡೆಸಿಕೊಂಡು ಬಂದರು. ಈ ಸಲದ ಕೋಸನ್ನು ಅದರಲ್ಲೇ ಕೊಯ್ದೆವು. 26 ಮೂಟೆ ಆದ ಕೂಡಲೇ ಅಪ್ಪ ಟಾರ್ಪಾಲಿನ ಹಗ್ಗ ಬಿಗಿದು ಸೀಟಿನಲ್ಲಿ ಕೂತರು. ಇನ್ನೂ ಹತ್ತು ಮೂಟೆ ಗದ್ದೆಯ ಬದುವಿನಲ್ಲೇ ಇತ್ತು. ಅದು ನಾಳೆಗೆ.